ಅಂಗ ಕಸಿ ಆದ ಮೇಲಿನ ದಿನಗಳಿಗೆ ತಯಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಕ್ಕನಿಗೆ ಕಿಡ್ನಿ ಕಸಿಯಾದಾಗ ಮನೆಯಲ್ಲಿ ಅವಳನ್ನು ನೋಡಿಕೊಂಡವಳು ನಾನು. ಆಪರೇಷನ್ ಬಗ್ಗೆ ಎಷ್ಟೋ ಕೇಳಿ ತಿಳಿದುಕೊಂಡಿದ್ದೆವು. ಅದು ಮುಗಿದ ಮೇಲಿನ ವಾರಗಳ ಬಗ್ಗೆ ಹೆಚ್ಚು ಯೋಚಿಸಿರಲೇ ಇಲ್ಲ. ಡಿಸ್ಚಾರ್ಜ್ ದಿನ ಒಂದು ಚೀಲ ತುಂಬ ಮಾತ್ರೆ ಕೊಟ್ಟು, ಅರ್ಧ ಗಂಟೆ ಕೂತು ಎಲ್ಲ ವಿವರಿಸಿದರು. ಅಕ್ಕನಿಗೆ ನೋವು, ನಿದ್ದೆಗಣ್ಣು. ನನಗೆ ಗಾಬರಿ. ಹೇಳಿದ್ದರಲ್ಲಿ ಅರ್ಧವೂ ತಲೆಗೆ ಹೋಗಲಿಲ್ಲ. ಅದಕ್ಕೇ ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ: ಚೇತರಿಕೆಯ ತಯಾರಿ ಆಪರೇಷನ್‌ಗೆ ಮುಂಚೆ ಆಗಬೇಕು. ಆಮೇಲೆ ಕಲಿಯುತ್ತೇನೆ ಅಂದರೆ ಪುರುಸೊತ್ತೂ ಇರುವುದಿಲ್ಲ, ತಲೆಯೂ ಓಡುವುದಿಲ್ಲ.

ಕೆಳಗಿನ ಉತ್ತರಗಳು ಸಾಮಾನ್ಯವಾಗಿ ಎಲ್ಲರಿಗೂ ಹೊಂದುವಂಥವು. ನಿಮ್ಮ ಕಸಿ ತಂಡದ ಡಾಕ್ಟರು ಬೇರೆ ರೀತಿ ಹೇಳಿದರೆ ಅವರು ಹೇಳಿದಂತೆಯೇ ನಡೆಯಿರಿ.

ತಯಾರಿ ಯಾವಾಗ ಶುರು ಮಾಡಬೇಕು?

ಕಾಯುವ ಪಟ್ಟಿಗೆ ಹೆಸರು ಸೇರಿದ ದಿನದಿಂದಲೇ. ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಹುಳುಕು ಹಲ್ಲು, ಕೀವಾದ ಒಸಡು ಇದ್ದರೆ ಈಗಲೇ ಸರಿಮಾಡಿಸಿಕೊಳ್ಳಿ. ಕಸಿಯಾದ ಮೇಲೆ ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ಕುಗ್ಗಿಸಿರುತ್ತಾರೆ. ಆಗ ಅದೇ ಹಲ್ಲು ದೊಡ್ಡ ಇನ್ಫೆಕ್ಷನ್‌ಗೆ ದಾರಿಯಾಗಬಹುದು.

ಲಸಿಕೆಗಳೂ ಹಾಗೆಯೇ. ದಡಾರ, ಸಿಡುಬಿನಂಥ ಗುಳ್ಳೆ ಬರುವ ಚಿಕನ್‌ಪಾಕ್ಸ್ ಮುಂತಾದವುಗಳ ಲಸಿಕೆಯಲ್ಲಿ ಜೀವಂತ ವೈರಸ್ ಇರುತ್ತದೆ. ಅವನ್ನು ಕಸಿಯಾದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಹೆಪಟೈಟಿಸ್ ಬಿ, ನ್ಯುಮೋನಿಯಾ ಲಸಿಕೆಗಳನ್ನು ಆಮೇಲೂ ಕೊಡಬಹುದು, ಆದರೆ ದೇಹ ಅಷ್ಟು ಚೆನ್ನಾಗಿ ಸ್ಪಂದಿಸುವುದಿಲ್ಲ. ಯಾವುದು ಬಾಕಿ ಇದೆ ಅಂತ ಈಗಲೇ ಕೇಳಿ. ಮನೆಯವರ ಲಸಿಕೆಗಳನ್ನೂ ಪೂರ್ತಿ ಮಾಡಿಸಿ.

ಇನ್ನೊಂದು, ನಡಿಗೆ. ದಿನಾ ಕೈಲಾದಷ್ಟು ನಡೆದು ಕಾಲಲ್ಲಿ ಶಕ್ತಿ ಉಳಿಸಿಕೊಂಡವರು ಆಪರೇಷನ್ ನಂತರ ಬೇಗ ಎದ್ದು ಓಡಾಡುತ್ತಾರೆ. ಬೀಡಿ ಸಿಗರೇಟು ಇದ್ದರೆ ಪೂರ್ತಿ ಬಿಡಬೇಕು, ಕಡಿಮೆ ಮಾಡಿದರೆ ಸಾಲದು.

ಆಸ್ಪತ್ರೆಯಿಂದ ಕರೆ ಬರುವ ಹೊತ್ತಿಗೆ ಏನೇನು ಸಿದ್ಧ ಇರಬೇಕು?

ಬದುಕಿರುವ ದಾನಿ ಕೊಡುತ್ತಿದ್ದರೆ ತಾರೀಖು ಮೊದಲೇ ಗೊತ್ತಿರುತ್ತದೆ. ಮರಣಾನಂತರ ದಾನಕ್ಕೆ ಕಾಯುತ್ತಿದ್ದರೆ ಕರೆ ಎಷ್ಟು ಹೊತ್ತಿಗೆ ಬೇಕಾದರೂ ಬರುತ್ತದೆ. ನಮಗೆ ಬಂದಿದ್ದು ರಾತ್ರಿ ಎರಡೂಕಾಲಿಗೆ. ಫೋನು ಸೈಲೆಂಟ್‌ನಲ್ಲಿ ಇಡಬೇಡಿ. ನಿಮ್ಮದು ಸಿಗದಿದ್ದರೆ ಅಂತ ಇನ್ನಿಬ್ಬರ ನಂಬರ್ ಕೊಟ್ಟಿರಿ. ಚೀಲದಲ್ಲಿ ರಿಪೋರ್ಟ್‌ಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಚಾರ್ಜರ್, ಮುಂದೆ ಗುಂಡಿ ಇರುವ ಸಡಿಲ ಬಟ್ಟೆ ಇರಲಿ. ಹೊಟ್ಟೆಯ ಮೇಲೆ ಹೊಲಿಗೆ ಇರುವಾಗ ಬಿಗಿ ಲಾಡಿ ಕಟ್ಟಲು ಆಗುವುದಿಲ್ಲ. ಕರೆ ಬಂದ ಕೂಡಲೇ ಏನಾದರೂ ತಿನ್ನಬಹುದಾ, ಕುಡಿಯಬಹುದಾ ಅಂತ ಕೇಳಿಕೊಳ್ಳಿ.

ಒಂದು ವಿಷಯಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಂಡಿರಿ. ಹೋದ ಮೇಲೂ ಕೆಲವೊಮ್ಮೆ "ಈ ಅಂಗ ಸರಿ ಹೊಂದುತ್ತಿಲ್ಲ" ಅಂತ ವಾಪಸ್ ಕಳಿಸುತ್ತಾರೆ. ನಮಗೂ ಮೊದಲ ಸಲ ಹಾಗೇ ಆಯಿತು. ಬೆಳಗಿನ ಜಾವ ಮನೆಗೆ ಬಂದು ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅದು ನಿಮ್ಮ ತಪ್ಪಲ್ಲ. ಸರಿಯಿಲ್ಲದ ಅಂಗವನ್ನು ಹಾಕದೇ ಇರುವುದು ನಿಮ್ಮ ಒಳ್ಳೆಯದಕ್ಕೇ.

ಆಸ್ಪತ್ರೆಯಲ್ಲಿ ಎಷ್ಟು ದಿನ ಇರಬೇಕಾಗುತ್ತದೆ?

ತೊಡಕಿಲ್ಲದಿದ್ದರೆ ಕಿಡ್ನಿಗೆ ಒಂದು ವಾರದ ಆಸುಪಾಸು. ಲಿವರ್, ಹೃದಯ, ಶ್ವಾಸಕೋಶಕ್ಕೆ ಎರಡು ಮೂರು ವಾರ, ಕೆಲವರಿಗೆ ಇನ್ನೂ ಜಾಸ್ತಿ.

ಕಿಡ್ನಿಯವರಿಗೆ ಮೊದಲೇ ಹೇಳಬೇಕಾದ ಮೂರು ಮಾತಿವೆ. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಕೂರಿಸುತ್ತಾರೆ. ಎರಡನೆಯದು, ಹೊಸ ಕಿಡ್ನಿ ಕೆಲವೊಮ್ಮೆ ತಕ್ಷಣ ಕೆಲಸ ಶುರು ಮಾಡುವುದಿಲ್ಲ. ಮರಣಾನಂತರ ಬಂದ ಕಿಡ್ನಿಯಲ್ಲಿ ಇದು ಜಾಸ್ತಿ. ಆಗ ಕೆಲವು ದಿನ ಡಯಾಲಿಸಿಸ್ ಮುಂದುವರಿಸುತ್ತಾರೆ. ಕಸಿ ಫೇಲ್ ಆಯಿತು ಅಂತ ಎದೆಗುಂದಬೇಡಿ. ಮೂರನೆಯದು, ಮೂತ್ರನಾಳದ ಒಳಗೆ ಸ್ಟೆಂಟ್ ಎಂಬ ಒಂದು ಸಣ್ಣ ಕೊಳವೆ ಇಟ್ಟಿರುತ್ತಾರೆ, ಕೆಲವು ವಾರ ಬಿಟ್ಟು ತೆಗೆಯುತ್ತಾರೆ. ಅದನ್ನು ತೆಗೆಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮರೆತು ಒಳಗೇ ಉಳಿದರೆ ತೊಂದರೆ.

ಮನೆಯನ್ನು ಹೇಗೆ ಸಿದ್ಧ ಮಾಡಬೇಕು?

ಕನ್ನಡಿಯಂತೆ ತೊಳೆದು ಆಸ್ಪತ್ರೆ ಮಾಡಬೇಕಾಗಿಲ್ಲ. ಗಾಳಿ ಬೆಳಕು ಬರುವ ಒಂದು ಕೋಣೆ, ಹತ್ತಿರದಲ್ಲೇ ಬಚ್ಚಲು, ಎದ್ದು ಕೂರಲು ಸುಲಭವಾಗುವಷ್ಟು ಎತ್ತರದ ಮಂಚ ಸಾಕು. ಮೆಟ್ಟಿಲು ಹತ್ತದೇ ಇರುವಂತಿದ್ದರೆ ಒಳ್ಳೆಯದು. ಗೋಡೆಯಲ್ಲಿ ತೇವ ಬಂದು ಬೂಷ್ಟು ಹಿಡಿದಿದ್ದರೆ ಮೊದಲೇ ಸರಿಮಾಡಿಸಿ. ಗೋಡೆ ಒಡೆಸುವ, ಬಣ್ಣ ಹೊಡೆಸುವ ಕೆಲಸ ರೋಗಿ ಮನೆಗೆ ಬರುವ ಮುಂಚೆ ಮುಗಿದಿರಲಿ. ಆ ಧೂಳಿನಲ್ಲಿ ಇರುವ ಶಿಲೀಂಧ್ರದ ಕಣಗಳು ಶ್ವಾಸಕೋಶಕ್ಕೆ ಹೋಗಿ ಕೆಟ್ಟ ಇನ್ಫೆಕ್ಷನ್ ತರಬಲ್ಲವು.

ಕೊಂಡಿಡಬೇಕಾದವು: ಬಿ.ಪಿ. ಮೆಷಿನ್, ಥರ್ಮಾಮೀಟರ್, ತೂಕದ ಮೆಷಿನ್, ನೀರು ಮತ್ತು ಮೂತ್ರ ಅಳೆಯಲು ಗುರುತಿರುವ ಎರಡು ಪಾತ್ರೆ. ಶ್ವಾಸಕೋಶ ಕಸಿಯಾದವರಿಗೆ ಮನೆಯಲ್ಲೇ ಊದಿ ನೋಡುವ ಸ್ಪೈರೋಮೀಟರ್ ಬಳಸಲು ಹೇಳುತ್ತಾರೆ. ಜೊತೆಗೆ ಒಂದು ನೋಟ್‌ಬುಕ್. ಬೆಳಗ್ಗೆ ತೂಕ, ಜ್ವರ, ಬಿ.ಪಿ., ದಿನಕ್ಕೆ ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು. ಒಂದು ದಿನದ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಹತ್ತು ದಿನದ್ದು ಸಾಲಾಗಿ ನೋಡಿದರೆ ಡಾಕ್ಟರಿಗೆ ಎಲ್ಲ ಕಾಣುತ್ತದೆ.

ಬೆಕ್ಕು ನಾಯಿ ಇದ್ದರೆ ಓಡಿಸಬೇಕಾಗಿಲ್ಲ. ಆದರೆ ಅವುಗಳ ಮಲ ತೆಗೆಯುವ ಕೆಲಸ ಬೇರೆಯವರು ಮಾಡಲಿ.

ಮಾತ್ರೆಗಳನ್ನು ಯಾಕೆ ಇಷ್ಟು ಕಟ್ಟುನಿಟ್ಟಾಗಿ, ಅದೂ ಕೊನೆವರೆಗೂ ತೆಗೆದುಕೊಳ್ಳಬೇಕು?

ಹೊಸ ಅಂಗ ನಿಮಗೆ ಎಷ್ಟೇ ಬೇಕಾಗಿದ್ದರೂ ನಿಮ್ಮ ದೇಹಕ್ಕೆ ಅದು ಹೊರಗಿನದು. ವರ್ಷಗಳು ಕಳೆದರೂ ದೇಹ ಅದನ್ನು ಮರೆಯುವುದಿಲ್ಲ. 1954ರಲ್ಲಿ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮುರ್ರೆ ಅವರ ತಂಡ ಮಾಡಿದ ಕಿಡ್ನಿ ಕಸಿ ಗೆದ್ದಿದ್ದು ಯಾಕೆ ಗೊತ್ತಾ? ಕೊಟ್ಟವರೂ ಪಡೆದವರೂ ಒಂದೇ ರೂಪದ ಅವಳಿಗಳು. ದೇಹಕ್ಕೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಉಳಿದವರಿಗೆ ಕಸಿಯ ದಾರಿ ನಿಜವಾಗಿ ತೆರೆದಿದ್ದು 1980ರ ದಶಕದಲ್ಲಿ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಸೈಕ್ಲೋಸ್ಪೋರಿನ್ ಎಂಬ ಔಷಧಿ ಬಂದ ಮೇಲೆ. ಅದೇ ಕೆಲಸಕ್ಕೆ ಈಗ ಬಹಳ ಜನ ತೆಗೆದುಕೊಳ್ಳುವ ಟ್ಯಾಕ್ರೋಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ಸುಕುಬಾ ಪ್ರದೇಶದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ. ಒಂದು ಹಿಡಿ ಮಣ್ಣಿನಿಂದ ಬಂದ ಔಷಧಿ ಎಷ್ಟು ಜನರ ಉಸಿರು ಉಳಿಸಿದೆ ಅಂತ ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸಾಮಾನ್ಯವಾಗಿ ಮೂರು ಔಷಧಿ ಸೇರಿಸಿ ಕೊಡುತ್ತಾರೆ: ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್. ಇವು ಕಡಿಮೆಯಾದರೆ ದೇಹ ಅಂಗದ ಮೇಲೆ ಬೀಳುತ್ತದೆ. ಜಾಸ್ತಿಯಾದರೆ ಇನ್ಫೆಕ್ಷನ್, ಕಿಡ್ನಿಗೆ ಪೆಟ್ಟು. ನಡುವಿನ ದಾರಿ ಬಹಳ ಕಿರಿದು. ಆದ್ದರಿಂದಲೇ ಗಂಟೆ ನೋಡಿ ತೆಗೆದುಕೊಳ್ಳುವುದು. ದಿನಕ್ಕೆರಡು ಸಲ ಇದ್ದರೆ 12 ಗಂಟೆ ಅಂತರ. ಖಾಲಿ ಹೊಟ್ಟೆಯೋ ಊಟದ ಜೊತೆಯೋ, ಡಾಕ್ಟರು ಹೇಳಿದ್ದನ್ನು ದಿನಾ ಒಂದೇ ರೀತಿ ಪಾಲಿಸಿ. ಮೊದಲ ತಿಂಗಳುಗಳಲ್ಲಿ ಇವುಗಳ ಜೊತೆ ಇನ್ಫೆಕ್ಷನ್ ತಡೆಯುವ ಮಾತ್ರೆಗಳೂ ಇರುತ್ತವೆ. ಅವು ಕೆಲವು ತಿಂಗಳ ನಂತರ ನಿಲ್ಲುತ್ತವೆ, ಆದರೆ ನೀವಾಗಿ ನಿಲ್ಲಿಸುವಂತಿಲ್ಲ.

ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಮಾತ್ರೆ ಡಬ್ಬಿ ತುಂಬುವ ಹೊತ್ತು. ಅದರಲ್ಲಿ ಹದಿನಾಲ್ಕು ಮನೆ, ಏಳು ಬೆಳಗ್ಗೆಗೆ, ಏಳು ರಾತ್ರಿಗೆ. ಟಿವಿ ಆರಿಸಿ ಇಬ್ಬರೂ ಕೂರುತ್ತಿದ್ದೆವು. ನಾನು ಸ್ಟ್ರಿಪ್ ಮೇಲಿನ ಹೆಸರನ್ನೂ ಮಿಲಿಗ್ರಾಮನ್ನೂ ಜೋರಾಗಿ ಓದುವುದು, ಅಕ್ಕ ಚೀಟಿ ನೋಡಿ "ಹೂಂ" ಅನ್ನುವುದು, ಆಮೇಲೆ ಹಾಕುವುದು. ಮಾತ್ರೆಯನ್ನು ಬಿಚ್ಚದೆ, ಸ್ಟ್ರಿಪ್ ಸಮೇತ ಕತ್ತರಿಸಿ ಹಾಕುತ್ತಿದ್ದೆವು. ಟ್ಯಾಕ್ರೋಲಿಮಸ್ ತೇವ ತಾಗಿದರೆ ಕೆಡುತ್ತದೆ. ಅರ್ಧ ಮಿಲಿಗ್ರಾಮಿನ ಕ್ಯಾಪ್ಸೂಲ್ ಮತ್ತು ಒಂದು ಮಿಲಿಗ್ರಾಮಿನದು ನೋಡಲು ಅವಳಿಜವಳಿ. ಒಂದು ಭಾನುವಾರ ಅದಲುಬದಲಾಗಿತ್ತು. ಜೋರಾಗಿ ಓದಿದ್ದರಿಂದಲೇ ಸಿಕ್ಕಿಬಿತ್ತು.

ಮೆಡಿಕಲ್ ಶಾಪಿನವರು "ಇದೂ ಅದೇ, ಬೇರೆ ಕಂಪನಿ" ಅಂತ ಕೊಟ್ಟರೆ ತೆಗೆದುಕೊಳ್ಳಬೇಡಿ. ಬ್ರ್ಯಾಂಡ್ ಬದಲಾದರೆ ರಕ್ತದಲ್ಲಿನ ಮಟ್ಟವೂ ಬದಲಾಗಬಹುದು. ದಿನಕ್ಕೊಮ್ಮೆಯ ಟ್ಯಾಕ್ರೋಲಿಮಸ್ ಬೇರೆ, ಎರಡು ಸಲದ್ದು ಬೇರೆ. ಸ್ಟಾಕ್ ಮುಗಿಯಲು ಹದಿನೈದು ದಿನ ಇರುವಾಗಲೇ ತಂದಿಟ್ಟುಕೊಳ್ಳಿ.

ಒಂದು ಹೊತ್ತಿನ ಮಾತ್ರೆ ಮರೆತರೆ? ವಾಂತಿಯಾದರೆ?

ನೆನಪಾದ ತಕ್ಷಣ ಕಸಿ ತಂಡಕ್ಕೆ ಫೋನ್ ಮಾಡಿ. ಎಷ್ಟು ಗಂಟೆ ತಡವಾಗಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮರೆತದ್ದನ್ನೂ ಮುಂದಿನದನ್ನೂ ಸೇರಿಸಿ ಒಟ್ಟಿಗೆ ನುಂಗುವುದು ಮಾತ್ರ ಬೇಡ. ವಾಂತಿಯಾದರೂ ಫೋನ್ ಮಾಡಿ, ಮಾತ್ರೆ ನುಂಗಿ ಎಷ್ಟು ಹೊತ್ತಾಗಿತ್ತು ಅಂತ ಹೇಳಿ. ಭೇದಿಯನ್ನೂ ಸಣ್ಣದು ಅಂತ ಬಿಡಬೇಡಿ. ಭೇದಿಯಾದಾಗ ಟ್ಯಾಕ್ರೋಲಿಮಸ್ ಮಟ್ಟ ರಕ್ತದಲ್ಲಿ ಏರುತ್ತದೆ. ಇಳಿಯುತ್ತದೆ ಅಂತಲೇ ಬಹಳ ಜನ ಅಂದುಕೊಂಡಿರುತ್ತಾರೆ.

ಲೆವೆಲ್ ಟೆಸ್ಟ್ ಅಂದರೇನು? ಆ ದಿನ ಏನು ಜಾಗ್ರತೆ ಬೇಕು?

ಮುಂದಿನ ಮಾತ್ರೆ ಬೀಳುವ ಮುಂಚೆ ರಕ್ತದಲ್ಲಿ ಔಷಧಿ ಎಷ್ಟು ಉಳಿದಿದೆ ಅಂತ ನೋಡುವ ಪರೀಕ್ಷೆ. ಹಾಗಾಗಿ ಆ ಬೆಳಗ್ಗೆ ರಕ್ತ ಕೊಟ್ಟ ಮೇಲೆಯೇ ಟ್ಯಾಕ್ರೋಲಿಮಸ್ ತೆಗೆದುಕೊಳ್ಳಬೇಕು. ಒಂದು ಸಲ ಅಕ್ಕ ಅಭ್ಯಾಸಬಲದಿಂದ ಎದ್ದವಳೇ ನುಂಗಿಬಿಟ್ಟಳು. ರಿಪೋರ್ಟ್‌ನಲ್ಲಿ ಮಟ್ಟ ವಿಪರೀತ ಜಾಸ್ತಿ ಬಂತು. ನಾವು ಹೇಳದೇ ಇದ್ದಿದ್ದರೆ ಡೋಸ್ ಇಳಿಸಿಬಿಡುತ್ತಿದ್ದರು. ಅಂದಿನಿಂದ ಟೆಸ್ಟ್ ಇರುವ ಹಿಂದಿನ ರಾತ್ರಿ ಡಬ್ಬಿಗೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿಡುತ್ತೇವೆ. ಮಾತ್ರೆಯನ್ನು ಜೊತೆಗೇ ಒಯ್ದು, ಸೂಜಿ ತೆಗೆದ ಮೇಲೆ ಅಲ್ಲೇ ನುಂಗುವುದು. ತಪ್ಪಿ ನುಂಗಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ.

ತಲೆನೋವು, ನೆಗಡಿಗೆ ಅಂಗಡಿಯಿಂದ ಮಾತ್ರೆ ತರಬಹುದಾ?

ಕೇಳದೆ ಏನನ್ನೂ ತೆಗೆದುಕೊಳ್ಳಬೇಡಿ. ಐಬುಪ್ರೊಫೇನ್, ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಗಳು ಕಿಡ್ನಿಗೆ ಹಾನಿ. ಕ್ಲಾರಿಥ್ರೋಮೈಸಿನ್, ಫ್ಲುಕೊನಜೋಲ್ ಮುಂತಾದವು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇಳಿಸುತ್ತವೆ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನವರ ಹತ್ತಿರ ಹೋದರೂ, ಮೊದಲ ಮಾತೇ "ನನಗೆ ಕಸಿಯಾಗಿದೆ" ಅಂತ ಇರಲಿ. ಗಿಡಮೂಲಿಕೆ, ಪುಡಿ, ಕಷಾಯ ಅಂತ ಪ್ರೀತಿಯಿಂದ ತಂದುಕೊಡುವವರು ಇರುತ್ತಾರೆ. "ಡಾಕ್ಟರನ್ನು ಕೇಳಿ ತೆಗೆದುಕೊಳ್ಳುತ್ತೇನೆ" ಅಂತ ಹೇಳಿ ಪಕ್ಕಕ್ಕಿಡಿ.

ರಿಜೆಕ್ಷನ್ ಆಯಿತು ಅಂದರೆ ಅಂಗ ಹೋಯಿತು ಅಂತಲೇ?

ಅಲ್ಲ. ರಿಜೆಕ್ಷನ್ ಅಂದರೆ ದೇಹ ಹೊಸ ಅಂಗವನ್ನು ಹೊರಗಿನದು ಅಂತ ಅದರ ಮೇಲೆ ಬೀಳುವುದು. ಈ ಪದ ಕೇಳಿದ ಕೂಡಲೇ ಕೈಕಾಲು ತಣ್ಣಗಾಗುತ್ತದೆ ನಿಜ. ಆದರೆ ಬೇಗ ಗೊತ್ತಾದರೆ ಬಹಳಷ್ಟನ್ನು ಔಷಧಿಯಿಂದ ಹತೋಟಿಗೆ ತರುತ್ತಾರೆ, ಹೆಚ್ಚಾಗಿ ಕೆಲವು ದಿನ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು. ಅಪಾಯ ಜಾಸ್ತಿ ಇರುವುದು ಮೊದಲ ಕೆಲವು ತಿಂಗಳಲ್ಲಿ. ತೊಂದರೆ ಏನೆಂದರೆ, ಶುರುವಿನಲ್ಲಿ ನಿಮಗೆ ಏನೂ ಅನ್ನಿಸದೇ ಇರಬಹುದು. ಚೆನ್ನಾಗಿದ್ದೇನಲ್ಲ ಅಂತ ರಕ್ತ ಪರೀಕ್ಷೆ ಮುಂದೂಡಲೇಬಾರದು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರುವುದು, ಲಿವರ್ ಎಂಜೈಮ್‌ಗಳು ಏರುವುದು ಮೊದಲು ಕಾಣುವುದು ಕಾಗದದ ಮೇಲೆ. ಹೃದಯದವರಿಗೆ ಬಯಾಪ್ಸಿಯನ್ನೂ, ಅಂದರೆ ಅಂಗದ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆಯನ್ನೂ, ಆಗಾಗ ಮಾಡುತ್ತಾರೆ.

ಯಾವಾಗ ತಕ್ಷಣ ಫೋನ್ ಮಾಡಬೇಕು?

ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ. ಚಳಿ ನಡುಕ ಬಂದರೆ. ಮೂತ್ರ ಕಡಿಮೆಯಾದರೆ, ಒಂದೆರಡು ದಿನದಲ್ಲೇ ತೂಕ ಸರ್ರನೆ ಏರಿದರೆ, ಕಾಲು ಊದಿದರೆ. ಕಸಿ ಮಾಡಿದ ಜಾಗದಲ್ಲಿ ನೋವು, ಗಾಯದಿಂದ ಕೀವು. ಕಣ್ಣು ಹಳದಿಯಾದರೆ. ಉಸಿರು ಕಟ್ಟಿದರೆ, ಸ್ಪೈರೋಮೀಟರ್ ಅಂಕಿ ಇಳಿದರೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ ಜೋರಾಗಿ ಕಾಣಿಸಿಕೊಳ್ಳದೇ ಇರಬಹುದು. ಹಾಗಾಗಿ ಥರ್ಮಾಮೀಟರ್ ಸುಮ್ಮನಿದ್ದರೂ "ಯಾಕೋ ಸರಿಯಿಲ್ಲ" ಅನ್ನಿಸಿದರೆ ಫೋನ್ ಮಾಡಿ. ರಾತ್ರಿ ಯಾಕೆ ತೊಂದರೆ ಕೊಡುವುದು ಅಂತ ಬೆಳಗಿನವರೆಗೆ ಕಾಯಬೇಡಿ. ಅವರು ಇರುವುದೇ ಅದಕ್ಕೆ.

ಊಟ, ನೀರು?

ಹಸಿ ಅಥವಾ ಅರೆಬೆಂದ ಮೊಟ್ಟೆ, ಮಾಂಸ, ಮೀನು, ಕಾಯಿಸದ ಹಾಲು, ತೊಳೆಯದ ಹಸಿ ತರಕಾರಿ ಬೇಡ. ಹೊತ್ತಿಗೆ ಮಾಡಿದ ಬಿಸಿ ಅಡುಗೆ ಒಳ್ಳೆಯದು. ಗ್ರೇಪ್‌ಫ್ರೂಟ್, ಚಕ್ಕೋತ ಪೂರ್ತಿ ನಿಷಿದ್ಧ. ಅವು ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಮಟ್ಟವನ್ನು ಏರಿಸುತ್ತವೆ. ಸ್ಟೀರಾಯ್ಡ್‌ನಿಂದ ಹಸಿವು ವಿಪರೀತವಾಗುತ್ತದೆ, ಶುಗರ್ ಏರುತ್ತದೆ. ಮೊದಲು ಶುಗರ್ ಇಲ್ಲದವರಿಗೂ ಕಸಿಯಾದ ಮೇಲೆ ಬರಬಹುದು. ಆದ್ದರಿಂದ ಸಿಹಿ, ಉಪ್ಪು ಎರಡರಲ್ಲೂ ಕೈ ಬಿಗಿಯಿರಲಿ.

ನೀರಿನ ವಿಷಯ ಕಿಡ್ನಿಯವರಿಗೆ ವಿಚಿತ್ರವಾಗಿ ತಟ್ಟುತ್ತದೆ. ವರ್ಷಗಟ್ಟಲೆ ಲೋಟ ಅಳೆದು ಕುಡಿದವರಿಗೆ ಈಗ ದಿನಕ್ಕೆ ಲೀಟರುಗಟ್ಟಲೆ ಕುಡಿಯಿರಿ ಅನ್ನುತ್ತಾರೆ. ಅಕ್ಕ ಮೊದಲ ವಾರ ಅರ್ಧ ಲೋಟ ಕುಡಿದು ಕೆಳಗಿಟ್ಟು, ತಪ್ಪು ಮಾಡಿದವಳಂತೆ ನನ್ನ ಮುಖ ನೋಡುತ್ತಿದ್ದಳು. "ಪೂರ್ತಿ ಕುಡಿ ಕಣೇ" ಅಂದಾಗ ಅವಳ ಕಣ್ಣಲ್ಲಿ ನೀರು. ನಿಮಗೆ ಎಷ್ಟು ಲೀಟರ್ ಅಂತ ಡಾಕ್ಟರೇ ಹೇಳುತ್ತಾರೆ. ಹೃದಯದವರಿಗೆ ಲೆಕ್ಕ ಬೇರೆ.

ನೋಡಲು ಬರುವ ನೆಂಟರಿಗೆ ಏನು ಹೇಳುವುದು?

ಮೊದಲ ಮೂರು ತಿಂಗಳು ಗುಂಪು ಬೇಡ. ನೆಗಡಿ, ಕೆಮ್ಮು, ಜ್ವರ ಇದ್ದವರು ಬರುವುದೇ ಬೇಡ. ಬಂದವರು ಸೋಪಿನಿಂದ ಕೈ ತೊಳೆದು ಒಳಗೆ ಬರಲಿ. ಇದನ್ನು ರೋಗಿಯ ಬಾಯಿಂದ ಹೇಳಿಸಬೇಡಿ. ಮನೆಯ ಇನ್ನೊಬ್ಬರು ಆಪರೇಷನ್‌ಗೆ ಮುಂಚೆಯೇ ಎಲ್ಲರಿಗೂ ಫೋನ್‌ನಲ್ಲಿ ತಿಳಿಸಿಬಿಟ್ಟರೆ ಆಮೇಲೆ ಯಾರಿಗೂ ಮುಜುಗರವಿಲ್ಲ.

ಓಡಾಟ, ಭಾರ ಎತ್ತುವುದು, ಡ್ರೈವಿಂಗ್, ಕೆಲಸ?

ನಡಿಗೆ ಆಸ್ಪತ್ರೆಯಲ್ಲೇ ಶುರುವಾಗುತ್ತದೆ. ಮನೆಗೆ ಬಂದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಭಾರ ಮಾತ್ರ ಆರರಿಂದ ಎಂಟು ವಾರ ಎತ್ತಬಾರದು. ತುಂಬಿದ ಬಿಂದಿಗೆ, ಎತ್ತಿಕೋ ಅಂತ ಬರುವ ಮಗು, ಎರಡೂ ಭಾರವೇ. ಎದೆಮೂಳೆ ಕತ್ತರಿಸಿದವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಡ್ರೈವಿಂಗ್ ಡಾಕ್ಟರು ಹೂಂ ಅಂದ ಮೇಲೆ. ಕೂತು ಮಾಡುವ ಕೆಲಸಕ್ಕೆ ಕಿಡ್ನಿಯವರು ಎರಡು ಮೂರು ತಿಂಗಳಲ್ಲಿ, ಉಳಿದವರು ಮೂರರಿಂದ ಆರು ತಿಂಗಳಲ್ಲಿ ಮರಳುವುದುಂಟು.

ಹೃದಯ ಕಸಿಯಾದವರು ಒಂದು ವಿಷಯ ತಿಳಿದಿರಬೇಕು. ಹೊಸ ಹೃದಯಕ್ಕೆ ಹಳೆಯ ನರಗಳ ಸಂಪರ್ಕ ಇರುವುದಿಲ್ಲ. ಸುಮ್ನೆ ಕೂತಾಗಲೂ ಬಡಿತ ಜಾಸ್ತಿ ಇರುತ್ತದೆ, ನಡೆಯಲು ಶುರು ಮಾಡಿದಾಗ ನಿಧಾನವಾಗಿ ಏರುತ್ತದೆ. ಹಾಗಾಗಿ ವ್ಯಾಯಾಮವನ್ನು ಮೆಲ್ಲಗೆ ಶುರು ಮಾಡಿ ಮೆಲ್ಲಗೇ ನಿಲ್ಲಿಸಬೇಕು. ಹೃದಯಕ್ಕೆ ತೊಂದರೆಯಾದರೂ ಎದೆನೋವು ಗೊತ್ತಾಗದೇ ಇರಬಹುದು.

ಮುಖ ಊದಿದೆ, ಕೈ ನಡುಗುತ್ತದೆ, ಕೂದಲು ಉದುರುತ್ತಿದೆ. ಇದು ಹೀಗೇ ಇರುತ್ತದಾ?

ಬಹಳಷ್ಟು ಡೋಸ್ ಇಳಿದಂತೆ ಕಡಿಮೆಯಾಗುತ್ತದೆ. ಮುಖ ಗುಂಡಗಾಗುವುದು ಸ್ಟೀರಾಯ್ಡ್‌ನಿಂದ. ನಡುಕ, ಕೂದಲು ಉದುರುವುದು ಟ್ಯಾಕ್ರೋಲಿಮಸ್‌ನಿಂದ. ಸೈಕ್ಲೋಸ್ಪೋರಿನ್‌ನಲ್ಲಿ ಇದಕ್ಕೆ ತದ್ವಿರುದ್ಧ, ಮೈಮೇಲೆ ಕೂದಲು ಜಾಸ್ತಿಯಾಗುತ್ತದೆ, ಒಸಡು ದಪ್ಪವಾಗುತ್ತದೆ. ಹರೆಯದವರಿಗೆ ಇದು ದೊಡ್ಡ ಸಂಕಟ. ಕನ್ನಡಿ ನೋಡಿ ಬೇಜಾರಾಗಿ ಮಾತ್ರೆ ಬಿಡುವವರೂ ಇದ್ದಾರೆ. "ರೂಪ ಮುಖ್ಯವಾ, ಜೀವ ಮುಖ್ಯವಾ" ಅಂತ ಅವರನ್ನು ಗದರಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಔಷಧಿ ಬದಲಿಸುವ ದಾರಿ ಇರುತ್ತದೆ.

ಬಿಸಿಲಿಗೆ ಹೋಗಬಹುದಾ?

ಹೋಗಬಹುದು, ಮೈ ಮುಚ್ಚಿಕೊಂಡು. ಈ ಔಷಧಿಗಳಿಂದ ಚರ್ಮದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಟೋಪಿ, ಉದ್ದ ತೋಳು, ಸನ್‌ಸ್ಕ್ರೀನ್ ಬಳಸಿ. ಹೊಸ ಗಂಟು, ಮಾಯದ ಹುಣ್ಣು ಕಂಡರೆ ತೋರಿಸಿ.

ಮಗು ಬೇಕು ಅಂತ ಆಸೆಯಿದೆ. ಸಾಧ್ಯವಾ?

ಕಸಿಯಾದ ಎಷ್ಟೋ ಹೆಣ್ಣುಮಕ್ಕಳು ತಾಯಿಯಾಗಿದ್ದಾರೆ. ಆದರೆ ಕನಿಷ್ಠ ಒಂದು ವರ್ಷ ಕಾಯಲು ಹೇಳುತ್ತಾರೆ. ಮೈಕೋಫಿನೋಲೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಗರ್ಭ ಧರಿಸುವ ಕನಿಷ್ಠ ಆರು ವಾರ ಮುಂಚೆ ಡಾಕ್ಟರೇ ಅದನ್ನು ನಿಲ್ಲಿಸಿ ಬೇರೆ ಔಷಧಿ ಕೊಡಬೇಕು. ಅಲ್ಲಿಯವರೆಗೆ ಗರ್ಭನಿರೋಧಕ ಬೇಕೇ ಬೇಕು. ಕಿಡ್ನಿ ಸರಿಯಾದ ಮೇಲೆ ನಿಂತಿದ್ದ ಮುಟ್ಟು ಮತ್ತೆ ಶುರುವಾಗುತ್ತದೆ, ಗೊತ್ತಾಗದೆ ಗರ್ಭ ನಿಲ್ಲಬಹುದು. ಸಂಕೋಚ ಬಿಟ್ಟು ಮೊದಲೇ ಮಾತಾಡಿ.

ಎಲ್ಲ ಚೆನ್ನಾಗಿದೆ ಅನ್ನುತ್ತಾರೆ, ಆದರೂ ಮನಸ್ಸು ಯಾಕೆ ಕುಗ್ಗುತ್ತದೆ?

ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ, ಸಿಟ್ಟು ಅಳು ಎರಡನ್ನೂ ಮೂಗಿನ ತುದಿಗೆ ತಂದಿಡುತ್ತದೆ. ಅದರ ಮೇಲೆ ಮುಂದಿನ ರಿಪೋರ್ಟ್‌ನ ಭಯ. ಇನ್ನೊಂದು ಭಾರವೂ ಇರುತ್ತದೆ, ಅದನ್ನು ಹೊರಗೆ ಹೇಳುವವರು ಕಡಿಮೆ: ಯಾರೋ ಸತ್ತಿದ್ದರಿಂದ ನಾನು ಬದುಕಿದೆ ಎಂಬುದು. ನಿಮಗಾಗಿ ಯಾರೂ ಸಾಯಲಿಲ್ಲ. ಅವರ ಸಾವು ಹೇಗಿದ್ದರೂ ಬಂದಿತ್ತು. ಆ ದುಃಖದ ನಡುವೆ ಅವರ ಮನೆಯವರು ಕೊಡಲು ಒಪ್ಪಿದರು. ಎರಡು ವಾರ ದಾಟಿದರೂ ಮನಸ್ಸು ಏಳದಿದ್ದರೆ ತಂಡಕ್ಕೆ ಹೇಳಿ. ಮನೋವೈದ್ಯರ ಸಹಾಯವೂ ಚೇತರಿಕೆಯ ಭಾಗವೇ.

ಅಂಗ ಕೊಟ್ಟ ಮನೆಯವರ ಆರೈಕೆ ಹೇಗೆ?

ಎಲ್ಲರ ಕಣ್ಣೂ ಪಡೆದವರ ಮೇಲೆ ಇರುತ್ತದೆ. ಆದರೆ ಕೊಟ್ಟವರು ಆರೋಗ್ಯವಾಗಿದ್ದು ಬೇಕೆಂದೇ ಕತ್ತರಿಗೆ ಮೈಯೊಡ್ಡಿದವರು. ನೋವು ಅವರಿಗೂ ಅಷ್ಟೇ. ಕಿಡ್ನಿ ಕೊಟ್ಟವರು ಕೆಲವೇ ದಿನದಲ್ಲಿ ಮನೆಗೆ ಬರುತ್ತಾರೆ, ನಾಲ್ಕರಿಂದ ಆರು ವಾರದಲ್ಲಿ ಕೆಲಸಕ್ಕೆ ಮರಳುವುದುಂಟು. ಲಿವರಿನ ತುಂಡು ಕೊಟ್ಟವರಲ್ಲಿ ಅದು ಎರಡು ಮೂರು ತಿಂಗಳಲ್ಲಿ ಬಹುಮಟ್ಟಿಗೆ ಮತ್ತೆ ಬೆಳೆಯುತ್ತದೆ. ಆದರೆ ಸುಸ್ತು ಹೋಗಲು ಸಮಯ ಬೇಕು. ಅವರನ್ನು ನೋಡಿಕೊಳ್ಳಲು ಬೇರೆಯೇ ಒಬ್ಬರನ್ನು ಗೊತ್ತು ಮಾಡಿ. ವರ್ಷಕ್ಕೊಮ್ಮೆಯ ಅವರ ತಪಾಸಣೆಯನ್ನೂ ಬಿಡಬೇಡಿ.

ನೋಡಿಕೊಳ್ಳುವವರು ಒಬ್ಬರೇ ಸಾಕಾ?

ಸಾಲದು. ಮೊದಲ ತಿಂಗಳು ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆ, ನಡುವೆ ಅಡುಗೆ, ಮಾತ್ರೆ, ನೋಟ್‌ಬುಕ್. ಮೂರನೇ ವಾರ ನನಗೇ ಜ್ವರ ಬಂತು. ಅಕ್ಕನ ಕೋಣೆಗೆ ಹೋಗುವಂತಿಲ್ಲ. ಮಾತ್ರೆ ಲೆಕ್ಕ ಗೊತ್ತಿದ್ದವಳು ನಾನೊಬ್ಬಳೇ. ಬಾಗಿಲ ಆಚೆ ನಿಂತು ಭಾವನಿಗೆ ಒಂದೊಂದೇ ಹೇಳಿಕೊಡಬೇಕಾಯಿತು. ಎರಡನೆಯವರಿಗೂ ಎಲ್ಲ ಮೊದಲೇ ಕಲಿಸಿಡಿ.

ದಾನಿಯ ಮನೆಯವರಿಗೆ ಕೃತಜ್ಞತೆ ಹೇಳಬಹುದಾ?

ಅನೇಕ ಕಡೆ ಹೆಸರು, ವಿಳಾಸ ಇಲ್ಲದೆ ಪತ್ರ ಬರೆದು ಕಸಿ ಕೋ-ಆರ್ಡಿನೇಟರ್ ಮೂಲಕ ತಲುಪಿಸಲು ಅವಕಾಶವಿದೆ. ನಿಮ್ಮಲ್ಲಿ ಹೇಗೆ ಅಂತ ಅವರನ್ನೇ ಕೇಳಿ. ಆತುರವೇನೂ ಇಲ್ಲ. ಅಕ್ಕ ಹದಿನಾಲ್ಕು ತಿಂಗಳು ಬರೆದು ಹರಿದು, ಬರೆದು ಹರಿದು, ಕೊನೆಗೆ ನಾಲ್ಕೇ ಸಾಲು ಬರೆದಳು. ತಾನು ಈಗ ಲೋಟದ ತುಂಬ ನೀರು ಕುಡಿಯುತ್ತೇನೆ ಅನ್ನುವುದು ಅದರಲ್ಲಿ ಒಂದು ಸಾಲು. ಉತ್ತರ ಬಂದಿಲ್ಲ. ಅವರು ಬರೆಯಲೇಬೇಕು ಅಂತೇನೂ ಇಲ್ಲ.